ಅಗೆಯುವ ಮುಂಚೆ ಒಂದು ಮಾತು ಕೇಳಿ

ಸಂಪಾದಕರಿಗೆ ನಮಸ್ಕಾರ.

ಹತ್ತು ದಿನದ ಹಿಂದೆ ನಿಮ್ಮ ವಾಚಕರ ಪತ್ರಗಳಲ್ಲಿ ನಮ್ಮ ಮಲೆನಾಡಿನ ಕಡೆಯವರೊಬ್ಬರು ಬರೆದಿದ್ದರು. ಅವರ ಊರಿನಲ್ಲಿ ವಾರಕ್ಕೆ ಎರಡು ಸಲವಾದರೂ ನೆಟ್ ಹೋಗುತ್ತದಂತೆ. ಟವರ್ ಕಣ್ಣೆದುರಿಗೇ ಇದೆ, ಕೆಲವು ಸಲ ಮೊಬೈಲ್‌ನಲ್ಲಿ ಕಡ್ಡಿಯೂ ತೋರಿಸುತ್ತದೆ, ಆದರೆ ಒಂದು ಮೆಸೇಜ್ ಸಹ ಹೋಗುವುದಿಲ್ಲ. ಹಾಗಾಗಿ ಇನ್ನೊಂದು ಟವರ್ ಹಾಕಿಸಿ ಎಂದು ಅವರು ಕೇಳಿದ್ದರು. ಅವರ ಕಷ್ಟ ನಿಜ. ಆದರೆ ಇನ್ನೊಂದು ಟವರ್ ನಿಲ್ಲಿಸಿದ ಮಾತ್ರಕ್ಕೆ ಅದು ತೀರುವುದಿಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ. ಆದಷ್ಟೂ ಕತ್ತರಿಸದೆ ಹಾಕಿ ಎಂದು ಕೇಳಿಕೊಳ್ಳುತ್ತೇನೆ.

ನಾನು ತೀರ್ಥಹಳ್ಳಿ ತಾಲ್ಲೂಕಿನವನು. 1984ರಲ್ಲಿ ದೂರವಾಣಿ ಇಲಾಖೆಗೆ ದಿನಗೂಲಿ ಮಜ್ದೂರ್ ಆಗಿ ಸೇರಿದೆ. ಮೊದಲು ಗುಂಡಿ ತೋಡುವುದು, ಕಂಬ ಹೊರುವುದು. ಆಮೇಲೆ ಕೇಬಲ್ ಜಾಯಿಂಟರ್, ಅಂದರೆ ಕೇಬಲ್ ತುಂಡುಗಳನ್ನು ಜೋಡಿಸುವವನು, ಆದೆ. 2000ದ ಅಕ್ಟೋಬರ್‌ನಲ್ಲಿ ಇಲಾಖೆ ಬಿಎಸ್‌ಎನ್‌ಎಲ್ ಅನ್ನುವ ನಿಗಮವಾಯಿತು. 2020ರ ಜನವರಿ 31ರಂದು ದೇಶದಲ್ಲಿ 78,000ಕ್ಕೂ ಜಾಸ್ತಿ ಜನ ಒಂದೇ ದಿನ ಸ್ವಯಂನಿವೃತ್ತಿ ತೆಗೆದುಕೊಂಡರಲ್ಲ, ಅವರಲ್ಲಿ ನಾನೂ ಒಬ್ಬ. ಈಗ ಅರ್ಧ ಎಕರೆ ಅಡಿಕೆ ತೋಟ ನೋಡಿಕೊಂಡು ಮನೆಯಲ್ಲಿದ್ದೇನೆ. ಕೈ ಕೆಲಸ ಬಿಟ್ಟಿದೆ, ಆದರೆ ರಸ್ತೆ ಬದಿಯಲ್ಲಿ ಜೆಸಿಬಿ ಸದ್ದು ಕೇಳಿದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ನೆಟ್ ಅಂದರೆ ಗಾಳಿಯಲ್ಲಿ ಬರುವುದು ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ನಮ್ಮ ಮನೆಯದೇ ಒಂದು ಉದಾಹರಣೆ ಹೇಳುತ್ತೇನೆ. ನನ್ನ ಮಗಳು ಸಿಂಗಪುರದಲ್ಲಿದ್ದಾಳೆ. ಭಾನುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳ ವಿಡಿಯೊ ಕಾಲ್ ಬರುತ್ತದೆ. "ಅಪ್ಪಯ್ಯ, ಕಾಣ್ತಿದೀನಾ?" ಅನ್ನುತ್ತಾಳೆ. ಆ ಮುಖ ನನ್ನ ಫೋನಿಗೆ ಗಾಳಿಯಲ್ಲಿ ಬಂದದ್ದು ಎಷ್ಟು ದೂರ? ಜಗುಲಿಯ ಗೋಡೆಗೆ ಹೊಡೆದ ವೈಫೈ ಪೆಟ್ಟಿಗೆಯಿಂದ ನನ್ನ ಕೈಗೆ, ಹದಿನೈದು ಅಡಿ. ಪೆಟ್ಟಿಗೆಯಿಂದ ಹಿಂದಕ್ಕೆ ಹೋಗುತ್ತಾ ಹೋದರೆ ಎಲ್ಲಾ ಗಾಜಿನ ಎಳೆ, ಅಂದರೆ ಫೈಬರ್. ಅದರೊಳಗೆ ಮಾತು, ಚಿತ್ರ ಎಲ್ಲಾ ಬೆಳಕಾಗಿ ಓಡುತ್ತದೆ. ಮನೆಯಿಂದ ಕಂಬಕ್ಕೆ, ಕಂಬದಿಂದ ರಸ್ತೆ ಬದಿಯ ಮಣ್ಣಿನೊಳಗೆ, ಅಲ್ಲಿಂದ ಪೇಟೆಯ ಎಕ್ಸ್‌ಚೇಂಜ್‌ಗೆ, ಶಿವಮೊಗ್ಗಕ್ಕೆ, ಬೆಂಗಳೂರಿಗೆ, ಕೊನೆಗೆ ಸಮುದ್ರದ ದಂಡೆಗೆ. ಚೆನ್ನೈಯಿಂದ ಸಿಂಗಪುರಕ್ಕೆ ಸಮುದ್ರದ ತಳದಲ್ಲಿ ಹಾಕಿರುವ ಕೇಬಲ್ 3,000 ಕಿಲೋಮೀಟರಿಗಿಂತ ಜಾಸ್ತಿ ಉದ್ದ. ಅಷ್ಟು ದೂರವೂ ಎಳೆಯ ಮೇಲೇ. ಗಾಳಿಯ ಪಾಲು ಈ ತುದಿಯಲ್ಲಿ ಹದಿನೈದು ಅಡಿ, ಆ ತುದಿಯಲ್ಲಿ ಅವಳ ಮನೆಯೊಳಗೆ ಇನ್ನೊಂದಷ್ಟು.

ಮೊಬೈಲ್ ಆದರೂ ಅಷ್ಟೇ. ನಿಮ್ಮ ಕೈಯಿಂದ ಟವರ್‌ವರೆಗೆ ಒಂದೆರಡು ಕಿಲೋಮೀಟರ್ ಗಾಳಿ. ಟವರ್‌ನ ಬುಡದಿಂದ ಮುಂದೆ ಮತ್ತೆ ಎಳೆ. ಗುಡ್ಡದ ಮೇಲಿನ ಕೆಲವು ಟವರ್‌ಗಳಿಗೆ ಗಾಳಿಯಲ್ಲೇ ಇನ್ನೊಂದು ಟವರ್‌ಗೆ ಕಳಿಸುವ ಮೈಕ್ರೊವೇವ್ ಡಿಶ್ ಹಾಕಿರುತ್ತಾರೆ, ಆದರೆ ಅದು ಸಹ ಮುಂದಿನ ಯಾವುದೋ ಟವರ್‌ನಲ್ಲಿ ಎಳೆಗೇ ಇಳಿಯಬೇಕು. ಫೋನಿನಲ್ಲಿ ಕಾಣುವ ಕಡ್ಡಿಗಳು ಹೇಳುವುದು ನಿಮಗೂ ಟವರ್‌ಗೂ ನಡುವಿನ ಕಥೆ ಮಾತ್ರ. ಟವರ್‌ನ ಬೆನ್ನ ಹಿಂದಿನ ದಾರಿ ಹೇಗಿದೆ ಅನ್ನುವುದನ್ನು ಅವು ಹೇಳುವುದಿಲ್ಲ. ಪತ್ರ ಬರೆದವರ ಊರಿನಲ್ಲಿ ಆಗುತ್ತಿರುವುದು ಬಹುಶಃ ಇದೇ.

ಆ ಎಳೆ ಎಷ್ಟು ದಪ್ಪ ಗೊತ್ತಾ? ಬೆಳಕು ಓಡುವ ನಡುಭಾಗ ಸುಮಾರು 9 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂಬತ್ತು ಪಾಲು. ಸುತ್ತಲಿನ ಗಾಜೂ ಸೇರಿ 125 ಮೈಕ್ರಾನ್, ತಲೆಕೂದಲಿಗಿಂತ ಒಂಚೂರು ದಪ್ಪ ಅಂದುಕೊಳ್ಳಿ. ನಮ್ಮ ಕಂಬದ ಮೇಲಿರುವ ಸಣ್ಣ ಡಬ್ಬಿಯಲ್ಲಿ ಸ್ಪ್ಲಿಟರ್ ಇದೆ. ಅದು ಒಂದು ಎಳೆಯ ಬೆಳಕನ್ನು ಹಲವು ಮನೆಗೆ ಹಂಚುತ್ತದೆ. ಹೀಗೆ ಒಂದೇ ಎಳೆಯನ್ನು 32 ಮನೆ, ಕೆಲವು ಕಡೆ 64 ಮನೆ ಹಂಚಿಕೊಳ್ಳುತ್ತವೆ. ಆ ಡಬ್ಬಿಗೆ ಕರೆಂಟೇ ಬೇಡ. ಮನೆಗೆ ಬರುವ ಬೆಳಕಿಗೆ ಒಂದು ಬಣ್ಣ, ಮನೆಯಿಂದ ಹೋಗುವುದಕ್ಕೆ ಇನ್ನೊಂದು ಬಣ್ಣ, ಹಾಗಾಗಿ ಒಂದೇ ಎಳೆಯಲ್ಲಿ ಎರಡೂ ಕಡೆಯ ಓಡಾಟ. ಎರಡೂ ಕಣ್ಣಿಗೆ ಕಾಣದ ಬಣ್ಣ. (ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಕಿತ್ತು ಬಂದ ಎಳೆಯ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಲು ಬಿಡಬೇಡಿ. ಬೆಳಕು ಕಾಣದಿದ್ದರೂ ಇರುತ್ತದೆ.)

ಇನ್ನು ದಾರಿಯ ವಿಷಯ. ಮಗಳ ಮುಖ, ಮಾತು ಎಲ್ಲವೂ ಇಡಿಯಾಗಿ ಬರುವುದಿಲ್ಲ. ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಬರುತ್ತದೆ. ಒಂದೊಂದೂ ಸಾಮಾನ್ಯವಾಗಿ 1,500 ಬೈಟ್ ಮೀರುವುದಿಲ್ಲ, ಒಂದೊಂದರ ಮೇಲೂ ಎಲ್ಲಿಂದ ಎಲ್ಲಿಗೆ ಅನ್ನುವ ವಿಳಾಸ. ದಾರಿಯಲ್ಲಿ ಸಿಗುವ ಪ್ರತಿ ಜಂಕ್ಷನ್ನಿನಲ್ಲೂ ರೂಟರ್ ಅನ್ನುವ ಯಂತ್ರ ವಿಳಾಸ ಓದಿ ಮುಂದಕ್ಕೆ ಕಳಿಸುತ್ತದೆ. ಒಂದು ದಾರಿ ಕಟ್ಟಾದರೆ ಬೇರೆ ದಾರಿಗೆ ತಿರುಗಿಸುತ್ತದೆ. ಆಗುಂಬೆ ಘಾಟಿಯಲ್ಲಿ ದರೆ ಕುಸಿದರೆ ಬಸ್ಸುಗಳನ್ನು ಹುಲಿಕಲ್ ಕಡೆಯಿಂದ ಇಳಿಸುತ್ತಾರಲ್ಲ, ಹಾಗೆ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಹತ್ತಿರ ಸಮುದ್ರದ ಕೇಬಲ್‌ಗಳು ತುಂಡಾದಾಗ ನಮ್ಮ ದೇಶದಲ್ಲಿ ನೆಟ್ ತುಂಬಾ ನಿಧಾನವಾಯಿತು. ಆದರೆ ಪೂರ್ತಿ ನಿಲ್ಲಲಿಲ್ಲ. ಪೂರ್ವದ ಕಡೆಯಿಂದ ಸುತ್ತು ಹಾಕಿಕೊಂಡು ಬಂತು.

ಸುತ್ತು ಹಾಕಲು ಇನ್ನೊಂದು ದಾರಿ ಇರಬೇಕು, ಅಷ್ಟೇ. ನಮ್ಮೂರಿಗೆ ಪೇಟೆಯಿಂದ ಒಂದೇ ರಸ್ತೆ. ರಸ್ತೆಯ ಎಡಬದಿಯಲ್ಲಿ ಕೇಬಲ್. ಒಂದು ಕಂಪನಿಯದು, ಅದರ ಪಕ್ಕಕ್ಕೇ ಒಂದೂವರೆ ಅಡಿ ದೂರದಲ್ಲಿ ಇನ್ನೊಂದು ಕಂಪನಿಯದು. ಎರಡು ಸಿಮ್ ಇಟ್ಟುಕೊಂಡರೆ ಒಂದು ಹೋದರೂ ಇನ್ನೊಂದು ಇರುತ್ತದೆ ಅಂತ ನಮ್ಮವರ ನಂಬಿಕೆ. ಜೆಸಿಬಿಯ ಬಕೆಟ್ ಎರಡು ಅಡಿಗಿಂತ ಅಗಲ ಇದೆ ಸ್ವಾಮಿ. ಒಂದೇ ಸಲಕ್ಕೆ ಎರಡೂ ಹೋಗುತ್ತವೆ.

ಕಳೆದ ನವೆಂಬರಿನಲ್ಲಿ ಹಾಗೇ ಆಯಿತು. ಬೆಳಿಗ್ಗೆ ಒಂಬತ್ತೂಕಾಲು. ನಾನು ಅಡಿಕೆ ಒಣಗಲು ಹಾಕುತ್ತಿದ್ದೆ. ಪಕ್ಕದ ಮನೆಯ ಹುಡುಗ, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವನು, ಓಡಿ ಬಂದ. "ಮಾವ, ನಿಮ್ಮಲ್ಲಿ ನೆಟ್ ಇದೆಯಾ?" ಒಳಗೆ ಹೋಗಿ ನೋಡಿದರೆ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ಆ ಕೆಂಪು ದೀಪಕ್ಕೆ ಒಂದೇ ಅರ್ಥ. ಪೇಟೆ ಕಡೆಯಿಂದ ಬೆಳಕು ಬರುತ್ತಿಲ್ಲ. ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುವ ಕಾಯಿಲೆ ಅಲ್ಲ ಅದು.

ಸ್ಕೂಟರ್ ಹತ್ತಿ ಹೊರಟೆ. ಮೊದಲು ಸಿಕ್ಕಿದ್ದು ನ್ಯಾಯಬೆಲೆ ಅಂಗಡಿ. ಅಕ್ಕಿಗೆ ಬಂದ ಹೆಂಗಸರು ಚೀಲ ಹಿಡಿದು ಸಾಲಾಗಿ ಕೂತಿದ್ದರು. ಹೆಬ್ಬೆಟ್ಟು ಒತ್ತಿದರೆ ಯಂತ್ರ ತಗೊಳ್ಳುತ್ತಿಲ್ಲ. ಅವರಲ್ಲಿ ಇಬ್ಬರು ತೋಟದ ಕೂಲಿ ಬಿಟ್ಟು ನಾಲ್ಕು ಮೈಲಿ ನಡೆದು ಬಂದವರು. ಸೊಸೈಟಿಯಲ್ಲಿ ಕಂಪ್ಯೂಟರ್ ಆಫ್. ಬ್ಯಾಂಕಿನ ಬಾಗಿಲಲ್ಲಿ "ನೆಟ್‌ವರ್ಕ್ ಇಲ್ಲ" ಅಂತ ರಟ್ಟು ನೇತು ಹಾಕಿದ್ದರು. ಮೆಡಿಕಲ್ ಶಾಪಿನಲ್ಲಿ ಒಬ್ಬ ಅಜ್ಜಿ ಬಿಪಿ ಮಾತ್ರೆಗೆ ದುಡ್ಡು ಕೊಡಲಾಗದೆ ನಿಂತಿದ್ದರು. ಮೊಮ್ಮಗ ಫೋನಿನಲ್ಲಿ ಹಾಕುತ್ತೇನೆ ಅಂದಿದ್ದನಂತೆ. ಅಂಗಡಿಯವರು ಒಳ್ಳೆಯವರು, ಬರೆದಿಟ್ಟುಕೊಂಡು ಮಾತ್ರೆ ಕೊಟ್ಟರು.

ಪೇಟೆ ಕಡೆಗೆ ನಾಲ್ಕು ಕಿಲೋಮೀಟರ್ ಹೋದ ಮೇಲೆ, ಮೋರಿಯ ಹತ್ತಿರ, ನೀರಿನ ಪೈಪಿನ ಕೆಲಸ ನಡೆಯುತ್ತಿತ್ತು. ಗುಂಡಿಯ ಅಂಚಿನಲ್ಲಿ ಕಿತ್ತುಬಂದ ಕಪ್ಪು ಪೈಪ್, ಒಳಗಿನಿಂದ ಹೊರಗೆ ಬಿದ್ದ ಕೇಬಲ್. ಜೆಸಿಬಿ ಓಡಿಸುತ್ತಿದ್ದವನು ಉತ್ತರ ಕರ್ನಾಟಕದ ಹುಡುಗ, ಇಪ್ಪತ್ತೆರಡು ವರ್ಷ ಇರಬಹುದು. ಬಯ್ಯಬೇಕು ಅಂತಲೇ ಹೋಗಿದ್ದೆ. ಅವನೇ ಇಳಿದು ಬಂದು "ಯಜಮಾನ್ರ, ಇಲ್ಲಿ ಕೇಬಲ್ ಐತಿ ಅಂತ ನಮಗ ಯಾರೂ ಹೇಳಿಲ್ರಿ. ಇಲ್ಲಿಂದ ಅಲ್ಲೀತನಕ ಹೊಡಿ ಅಂದ್ರು, ಹೊಡದೆ" ಅಂದ. ಅವನ ಮುಖ ನೋಡಿ ಬಯ್ಯಲು ಬಾಯಿ ಬರಲಿಲ್ಲ. ಅವನು ಹೇಳಿದ್ದು ಸತ್ಯ. ಅವನಿಗೆ ಯಾರೂ ಹೇಳಿರಲಿಲ್ಲ. ಕೆಲಸ ಕೊಟ್ಟವರಿಗೂ ಯಾರೂ ಹೇಳಿರಲಿಲ್ಲ. ಅವರು ಯಾರನ್ನೂ ಕೇಳಿಯೂ ಇರಲಿಲ್ಲ.

ಅಲ್ಲಿ ಆ ಕೇಬಲ್ ಹಾಕಿದ ಗ್ಯಾಂಗಿನಲ್ಲಿ ನಾನಿದ್ದೆ. ಆಪ್ಟಿಕಲ್ ಫೈಬರ್ ಕೇಬಲ್‌ಗೆ ನಮ್ಮ ಲೆಕ್ಕ 165 ಸೆಂಟಿಮೀಟರ್ ಆಳ. ಹತ್ತಿರ ಹತ್ತಿರ ಐದೂವರೆ ಅಡಿ. ಬಂಡೆ ಸಿಕ್ಕ ಕಡೆ ಅಷ್ಟು ಆಗುವುದಿಲ್ಲ, ಅಲ್ಲಿ ಕಬ್ಬಿಣದ ಪೈಪ್ ಹಾಕಿ ಮೇಲೆ ಕಾಂಕ್ರೀಟ್ ಸುರಿಯುತ್ತಿದ್ದೆವು. ಈ ಮೋರಿಯ ಹತ್ತಿರ ಪೂರ್ತಿ ಆಳಕ್ಕೇ ಹಾಕಿದ್ದೆವು, ನನಗೆ ಚೆನ್ನಾಗಿ ನೆನಪಿದೆ. ಮತ್ತೆ ಜೆಸಿಬಿಯ ಹಲ್ಲಿಗೆ ಹೇಗೆ ಸಿಕ್ಕಿತು? ನಡುವೆ ಒಂದು ಸಲ ರಸ್ತೆ ಅಗಲ ಮಾಡಿದರು. ದರೆ ಕಡಿದು ಮಣ್ಣು ತೆಗೆದರು. ಐದೂವರೆ ಅಡಿ ಕೆಳಗಿದ್ದ ಪೈಪ್ ಒಂದೂವರೆ ಅಡಿಗೆ ಬಂತು. ಗುರುತಿಗೆ ನೆಟ್ಟಿದ್ದ ಕಲ್ಲನ್ನು ಆಗಲೇ ಕಿತ್ತು ಚರಂಡಿಗೆ ಉರುಳಿಸಿದ್ದರು. ಹೀಗೆ ಕೇಬಲ್ ತಾನಿದ್ದಲ್ಲೇ ಇತ್ತು, ಮೇಲಿನ ನೆಲವೇ ಇಳಿದು ಬಂತು.

ಮಧ್ಯಾಹ್ನ ಎರಡು ಗಂಟೆಗೆ ಸ್ಪ್ಲೈಸಿಂಗ್ ಹುಡುಗರು, ಅಂದರೆ ಎಳೆ ಬೆಸೆಯುವವರು, ಬಂದರು. ಇಬ್ಬರೇ. ಶಿವಮೊಗ್ಗದಿಂದ ಬರಬೇಕಿತ್ತು, ಅದಕ್ಕೇ ತಡ. ಮೊದಲು ಅವರು ಎಕ್ಸ್‌ಚೇಂಜ್‌ನಿಂದ ಓಟಿಡಿಆರ್ ಹಾಕಿ ನೋಡಿದ್ದರು. ಆ ಯಂತ್ರ ಎಳೆಯೊಳಗೆ ಒಂದು ಬೆಳಕಿನ ಚುಕ್ಕೆ ಬಿಡುತ್ತದೆ. ತುಂಡಾದ ಜಾಗದಿಂದ ಬೆಳಕು ವಾಪಸ್ ಬರಲು ಎಷ್ಟು ಹೊತ್ತಾಯಿತು ಅಂತ ಅಳೆದು ದೂರ ಹೇಳುತ್ತದೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಹತ್ತು ಕಿಲೋಮೀಟರ್ ಹೋಗಿ ಬರಲು ಸೆಕೆಂಡಿನ ಹತ್ತು ಸಾವಿರ ಪಾಲಿನಲ್ಲಿ ಒಂದು ಪಾಲು ಸಾಕು. ಅದನ್ನೂ ಅಳೆಯುತ್ತದೆ ಅಂದರೆ ನೋಡಿ! ಆದರೆ ಯಂತ್ರ ಹೇಳುವುದು ಎಳೆಯ ಉದ್ದ, ರಸ್ತೆಯ ಉದ್ದ ಅಲ್ಲ. ಪ್ರತಿ ಜಾಯಿಂಟ್ ಗುಂಡಿಯಲ್ಲೂ ಮುಂದೆ ಬೇಕಾಗಬಹುದು ಅಂತ ಹತ್ತಿಪ್ಪತ್ತು ಮೀಟರ್ ಕೇಬಲನ್ನು ಸುತ್ತಿ ಇಟ್ಟಿರುತ್ತೇವೆ. ಇಲ್ಲಿ ಕಟ್ ಕಣ್ಣಿಗೇ ಕಾಣುತ್ತಿತ್ತು, ಹುಡುಕುವ ಕೆಲಸ ಇರಲಿಲ್ಲ. ಕಾಣದ ಕಟ್ ಇದ್ದಾಗ ಈ ಸುತ್ತುಗಳು ಎಲ್ಲೆಲ್ಲಿವೆ ಅಂತ ಗೊತ್ತಿದ್ದವರು ಬೇಕು. ಇಲ್ಲದಿದ್ದರೆ ನೂರಿನ್ನೂರು ಮೀಟರ್ ಆಚೆ ಈಚೆ ಸುಮ್ನೆ ಅಗೆಯುತ್ತಾರೆ.

ಕೇಬಲ್ ಕತ್ತರಿಸಿ ಹೋಗಿದ್ದರೆ ಒಂದು ಜಾಯಿಂಟ್‌ನಲ್ಲಿ ಮುಗಿಯುತ್ತಿತ್ತು. ಜೆಸಿಬಿ ಕತ್ತರಿಸುವುದಿಲ್ಲ, ಎಳೆಯುತ್ತದೆ. ಹೊರಗಿನ ಕಪ್ಪು ಸಿಪ್ಪೆ ಚೆನ್ನಾಗಿಯೇ ಕಂಡರೂ ಒಳಗೆ ಮೀಟರುಗಟ್ಟಲೆ ದೂರದವರೆಗೆ ಎಳೆಗಳು ಪುಡಿಯಾಗಿರುತ್ತವೆ. ಹಾಗಾಗಿ ಎರಡೂ ಕಡೆ ಒಳ್ಳೆಯ ಭಾಗ ಸಿಗುವವರೆಗೆ ಕತ್ತರಿಸಿ, ನಡುವೆ ಹೊಸ ಕೇಬಲ್ ತುಂಡು ಹಾಕಿ, ಎರಡು ಜಾಯಿಂಟ್ ಮಾಡಬೇಕು. 24 ಎಳೆಯ ಕೇಬಲ್. ಎರಡು ಜಾಯಿಂಟ್ ಅಂದರೆ 48 ಬೆಸುಗೆ. ಒಂದು ಕಂಪನಿಯದಷ್ಟೇ ಇದು, ಇನ್ನೊಂದು ಕಂಪನಿಯವರು ಬೇರೆಯಾಗಿ ಬರಬೇಕು.

ಆ ಹುಡುಗರ ಪಕ್ಕ ಕೂತು ನೋಡಿದೆ. ಹಿಂಗಾರು ಮಳೆ ಸಣ್ಣಗೆ ಹನಿಯುತ್ತಿತ್ತು. ಒಂದು ನೀಲಿ ತಾಡಪಾಲು ಕಟ್ಟಿಕೊಂಡಿದ್ದರು. ನಾನು ಛತ್ರಿ ಹಿಡಿದೆ. ಒಬ್ಬ ಸಿಪ್ಪೆ ಬಿಡಿಸಿ, ಒಳಗಿನ ಅಂಟು ಜೆಲ್ ಒರೆಸಿ, ಎಳೆಗಳನ್ನು ಬಿಡಿಸಿದ. ನೀಲಿ, ಕಿತ್ತಳೆ, ಹಸಿರು, ಕಂದು. ಇನ್ನೊಬ್ಬ ನೀಲಿ ಎಳೆಯ ಮೇಲಿನ ಬಣ್ಣದ ಪದರವನ್ನು ಸ್ಟ್ರಿಪ್ಪರ್‌ನಲ್ಲಿ ಎಳೆದು ತೆಗೆದ. ಸ್ಪಿರಿಟ್ ಹಾಕಿದ ಕಾಗದದಲ್ಲಿ ಒರೆಸಿದಾಗ ಕಿರ್ ಅಂತ ಸಣ್ಣ ಸದ್ದು ಬರುತ್ತದೆ. ಆ ಸದ್ದು ಬಂದರೆ ಎಳೆ ಸ್ವಚ್ಛ ಆಯಿತು ಅಂತ ಲೆಕ್ಕ. ಆಮೇಲೆ ಕ್ಲೀವರ್‌ನಲ್ಲಿಟ್ಟು ತುದಿಯನ್ನು ನೇರ ತುಂಡು ಮಾಡಿದ. ಆ ಚೂರನ್ನು ಹಾಗೇ ನೆಲಕ್ಕೆ ಬಿಸಾಡುವಂತಿಲ್ಲ. ಕಣ್ಣಿಗೆ ಕಾಣದ ಗಾಜು ಅದು, ಚರ್ಮದೊಳಗೆ ಹೋದರೆ ತೆಗೆಯುವುದು ಕಷ್ಟ. ಎರಡು ತುದಿಯನ್ನೂ ಮೆಷಿನ್ನಿನಲ್ಲಿಟ್ಟು ಮುಚ್ಚಳ ಹಾಕಿದ. ಪರದೆಯ ಮೇಲೆ ಎರಡು ದಪ್ಪ ಗೆರೆಗಳು ಎದುರುಬದುರಾಗಿ ಬಂದು ನಿಂತವು. ಒಂದು ಕಿಡಿ. ಎರಡೂ ಕರಗಿ ಒಂದಾದವು. ಬೆಳಕಿನ ನಷ್ಟ 0.02 ಡಿಬಿ, ಅಂದರೆ ಇಲ್ಲವೆನ್ನುವಷ್ಟು ಕಡಿಮೆ, ಅಂತ ತೋರಿಸಿತು. ಮೇಲೊಂದು ಸಣ್ಣ ಸ್ಲೀವ್ ಜಾರಿಸಿ, ಬಿಸಿ ಮಾಡಿ, ತಟ್ಟೆಯಲ್ಲಿ ಸುತ್ತಿಟ್ಟ. ಒಂದು ಮುಗಿಯಿತು. ಇನ್ನು 47.

ನಾಲ್ಕನೆಯದಕ್ಕೆ ಮೆಷಿನ್ ಒಪ್ಪಲಿಲ್ಲ. ಗಾಳಿಗೆ ಒಂದು ಮಣ್ಣಿನ ಕಣ ತುದಿಗೆ ಅಂಟಿತ್ತು. ಬಿಚ್ಚಿ, ಒರೆಸಿ, ಮತ್ತೆ ಕತ್ತರಿಸಿ ಮಾಡಿದ. ಆ ಹುಡುಗ ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ. ನಮ್ಮ ಮನೆಯವರು ಫ್ಲಾಸ್ಕಿನಲ್ಲಿ ಕಾಫಿ, ಒಂದು ಡಬ್ಬಿ ಚಿತ್ರಾನ್ನ ಕಳಿಸಿದರು. ರಾತ್ರಿ ಹತ್ತಕ್ಕೆ ಬೆಳಕು ಹರಿಯಿತು. ಇನ್ನೊಂದು ಕಂಪನಿಯದು ಸರಿಯಾಗಿದ್ದು ಮಾರನೆಯ ದಿನ ಸಂಜೆ. ಅಕ್ಕಿಗೆ ಬಂದ ಆ ಇಬ್ಬರು ಹೆಂಗಸರು ಎರಡನೇ ದಿನವೂ ಕೂಲಿ ಬಿಟ್ಟು ಬಂದರು.

ತಾಮ್ರದ ಕಾಲದಲ್ಲಿ ನಾವು ಈ ಕೆಲಸವನ್ನು ಬರಿಗೈಯಲ್ಲಿ ಮಾಡುತ್ತಿದ್ದೆವು. ಆಗಲೂ ಬಣ್ಣವೇ ಗುರುತು. ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ ಒಂದು ಸಾಲು. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು ಇನ್ನೊಂದು ಸಾಲು. ಜೋಡಿ ಜೋಡಿ ಹುಡುಕಿ ಟಾರ್ಚ್ ಬೆಳಕಿನಲ್ಲಿ ನೂರು ಜೋಡಿ ಕಟ್ಟಿದ ರಾತ್ರಿಗಳಿವೆ. ಕಷ್ಟದ ಕೆಲಸ, ಆದರೆ ತಾಮ್ರ ಸ್ವಲ್ಪ ಮಣ್ಣು ತಡೆದುಕೊಳ್ಳುತ್ತಿತ್ತು. ಮಳೆಗಾಲದಲ್ಲಿ ಜಾಯಿಂಟ್‌ಗೆ ನೀರು ಇಳಿದರೆ ಗರಗರ ಸದ್ದು ಬಂದರೂ ಮಾತು ಕೇಳುತ್ತಿತ್ತು. ಗಾಜಿಗೆ ಹಾಗಿಲ್ಲ. ಇದ್ದರೆ ಪೂರ್ತಿ ಇರುತ್ತದೆ, ಹೋದರೆ ಪೂರ್ತಿ ಹೋಗುತ್ತದೆ.

ಹಾಗಂತ ತಾಮ್ರ ವಾಪಸ್ ಬರಲಿ ಅಂತ ನಾನು ಹೇಳುತ್ತಿಲ್ಲ. 2005ರಲ್ಲಿ ಬ್ರಾಡ್‌ಬ್ಯಾಂಡ್ ಬಂದಾಗ ಅದೇ ತಾಮ್ರದ ಜೋಡಿಯಲ್ಲಿ ಮಾತು ಕೆಳಗಿನ ಕಂಪನದಲ್ಲಿ, ನೆಟ್ ಮೇಲಿನ ಕಂಪನದಲ್ಲಿ ಹೋಗುತ್ತಿತ್ತು. ಎರಡನ್ನೂ ಬೇರೆ ಮಾಡಲು ಗೋಡೆಯ ಹತ್ತಿರ ಒಂದು ಸಣ್ಣ ಬಿಳಿ ಡಬ್ಬಿ. ಎಕ್ಸ್‌ಚೇಂಜ್ ಪಕ್ಕದ ಮನೆಯವರಿಗೆ ಚೆನ್ನಾಗಿ ಬರುತ್ತಿತ್ತು. ನಾಲ್ಕೈದು ಕಿಲೋಮೀಟರ್ ಆಚೆಯವರ ಮನೆಯಲ್ಲಿ ಮೋಡೆಮ್‌ನ ದೀಪ ಮಿಣುಕುತ್ತಲೇ ಇರುತ್ತಿತ್ತು, ನಿಲ್ಲುತ್ತಿರಲಿಲ್ಲ. ದೂರ ಹೋದಷ್ಟೂ ಮೇಲಿನ ಕಂಪನ ತಂತಿಯಲ್ಲೇ ಸತ್ತು ಹೋಗುತ್ತದೆ. ಅವರಿಗೆ ಎಷ್ಟು ಸಲ ಲೈನ್ ಬದಲಿಸಿ ಕೊಟ್ಟರೂ ಪ್ರಯೋಜನ ಆಗಲಿಲ್ಲ. ಈಗ ಫೈಬರ್ 20 ಕಿಲೋಮೀಟರ್ ದೂರದ ತೋಟದ ಮನೆಗೂ ಪೇಟೆಯವರಷ್ಟೇ ವೇಗ ಕೊಡುತ್ತದೆ. ಮಲೆನಾಡಿನ ಒಂಟಿ ಮನೆಗಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಅದಕ್ಕೇ ಅದನ್ನು ಉಳಿಸಿಕೊಳ್ಳಬೇಕು ಅನ್ನುವುದು.

ಒಂದು ವ್ಯತ್ಯಾಸ ಮಾತ್ರ ಎಲ್ಲರೂ ತಿಳಿದಿರಬೇಕು. ಹಳೇ ಫೋನಿಗೆ ತಾಮ್ರದ ತಂತಿಯಲ್ಲೇ ಎಕ್ಸ್‌ಚೇಂಜ್ ಬ್ಯಾಟರಿಯಿಂದ 48 ವೋಲ್ಟ್ ಬರುತ್ತಿತ್ತು. ಊರಿಗೆ ಮೂರು ದಿನ ಕರೆಂಟ್ ಇಲ್ಲದಿದ್ದರೂ, ಎಕ್ಸ್‌ಚೇಂಜ್‌ನಲ್ಲಿ ಜನರೇಟರ್‌ಗೆ ಡೀಸೆಲ್ ಇರುವವರೆಗೆ ಫೋನ್ ರಿಂಗ್ ಆಗುತ್ತಿತ್ತು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಮನೆಯ ಪೆಟ್ಟಿಗೆಗೆ ಮನೆಯದೇ ಕರೆಂಟ್ ಬೇಕು. ರೂಟರ್‌ಗೆ ಅಂತಲೇ ಸಣ್ಣ ಯುಪಿಎಸ್ ಸಿಗುತ್ತದೆ. ಗಾಳಿಮಳೆಗೆ ಕರೆಂಟ್ ಹೋಗುವ ನಮ್ಮಂಥ ಊರಿನವರು ಅದೊಂದನ್ನು ತಂದಿಟ್ಟುಕೊಳ್ಳಿ.

ಹಿಂದೆ ಹಳ್ಳಿಗೆ ಅಂತ ಯೋಚನೆ ಮಾಡಿ ಕೆಲಸ ಮಾಡಿದವರಿದ್ದರು. ನಾನು ಹೊಸದಾಗಿ ಸೇರಿದಾಗ ಎಲ್ಲರ ಬಾಯಲ್ಲೂ ಕಿತ್ತೂರಿನ ಸುದ್ದಿ. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ಹಳ್ಳಿಗಳಿಗಾಗಿ ಮಾಡಿದ 128 ಲೈನಿನ ಎಕ್ಸ್‌ಚೇಂಜ್ ಮೊದಲು ಶುರುವಾಗಿದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲಿ, 1986ರ ಜುಲೈನಲ್ಲಿ. ಎಸಿ ಕೋಣೆ ಬೇಡದ ಯಂತ್ರ ಅದು. ನಮ್ಮ ಸೆಕೆ, ನಮ್ಮ ಧೂಳು ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಮಾಡಿದ್ದರು. ಆಮೇಲೆ ಅಂಥದ್ದೇ ಪೆಟ್ಟಿಗೆಗಳು ಊರೂರಿಗೆ ಬಂದವು, ಎಸ್‌ಟಿಡಿ ಬೂತ್‌ಗಳು ಬಂದವು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಜಾಗ್ರತೆ ಈಗ ರಸ್ತೆ ಬದಿಯಲ್ಲಿ ಬೇಕು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಇದ್ದದ್ದೇ ಸಾಕು. ಅಗೆಯುವ ಮೊದಲು ತಿಳಿಸಬೇಕು ಅಂತ ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ನಿಯಮ ಮಾಡಿತು. ಅದೇ ವರ್ಷ ಮಾರ್ಚ್ 22ರಂದು ಪ್ರಧಾನಿ "ಕಾಲ್ ಬಿಫೋರ್ ಯು ಡಿಗ್" ಅನ್ನುವ ಆ್ಯಪ್ ಬಿಡುಗಡೆ ಮಾಡಿದರು. ಅಗೆಯುವವರು ಅದರಲ್ಲಿ ಜಾಗ ಗುರುತು ಮಾಡಿದರೆ, ಅಲ್ಲಿ ಕೇಬಲ್ ಇರುವ ಕಂಪನಿಗೆ ಸುದ್ದಿ ಹೋಗುತ್ತದೆ. ಅವರು ಬಂದು ಇಲ್ಲಿದೆ, ಇಷ್ಟು ಆಳದಲ್ಲಿದೆ ಅಂತ ತೋರಿಸಬಹುದು. ಹೀಗೆ ಕೇಳದೆ ಅಗೆಯುವುದರಿಂದ ದೇಶದಲ್ಲಿ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಅಂತ ಸರ್ಕಾರವೇ ಆಗ ಹೇಳಿತ್ತು. ಅಕ್ಕಿ ಸಿಗದೆ ವಾಪಸ್ ಹೋದವರ ಕೂಲಿಯನ್ನು ಆ ಲೆಕ್ಕದಲ್ಲಿ ಹಿಡಿದಿರಲಾರರು.

ಆ ಜೆಸಿಬಿ ಹುಡುಗನಿಗೆ ಈ ಆ್ಯಪ್ ತೋರಿಸಿದೆ. ಅವನು ಕೇಳಿಯೇ ಇರಲಿಲ್ಲ. ಅವನ ಮೇಸ್ತ್ರಿಯೂ ಕೇಳಿರಲಿಲ್ಲ. ಪಂಚಾಯಿತಿಯಲ್ಲಿ ವಿಚಾರಿಸಿದೆ, ಅಲ್ಲಿಯೂ ಒಬ್ಬರಿಗೆ ಮಾತ್ರ ಹೆಸರು ಗೊತ್ತಿತ್ತು.

ಹಾಗಾಗಿ ನಿಮ್ಮ ಪತ್ರಿಕೆಯ ಮೂಲಕ ಕಾಮಗಾರಿ ಮಾಡಿಸುವ ಅಧಿಕಾರಿಗಳನ್ನು ಕೇಳಿಕೊಳ್ಳುವುದು ಇಷ್ಟು. ರಸ್ತೆ, ಚರಂಡಿ, ನೀರಿನ ಪೈಪು, ಯಾವ ಕಾಮಗಾರಿಯೇ ಇರಲಿ, ಆ ಆ್ಯಪಿನಲ್ಲಿ ತಿಳಿಸಿದ್ದಕ್ಕೆ ಪುರಾವೆ ಇಲ್ಲದೆ ಕೆಲಸ ಶುರು ಮಾಡಲು ಬಿಡಬೇಡಿ, ಬಿಲ್ಲನ್ನೂ ಪಾಸ್ ಮಾಡಬೇಡಿ. ಬಿಲ್ ನಿಲ್ಲುತ್ತದೆ ಅಂತ ಗೊತ್ತಾದರೆ ಒಂದೇ ತಿಂಗಳಲ್ಲಿ ಎಲ್ಲರ ಫೋನಿನಲ್ಲೂ ಆ ಆ್ಯಪ್ ಇರುತ್ತದೆ. ಜೆಸಿಬಿ ಓಡಿಸುವ ಹುಡುಗರಿಗೆ ಅದನ್ನು ಕನ್ನಡದಲ್ಲಿ ಹೇಳಿಕೊಡುವವರು ಬೇಕು, ಬಯ್ಯುವವರಲ್ಲ. ಕಂಪನಿಗಳೂ ತಮ್ಮ ಪಾಲು ಮಾಡಬೇಕು. ಸುದ್ದಿ ಬಂದರೆ ಸಾಲದು, ಬಂದ ದಿನವೇ ಒಬ್ಬ ಮನುಷ್ಯನನ್ನು ಕಳಿಸಿ ಜಾಗ ತೋರಿಸಬೇಕು. ಕಿತ್ತುಹೋದ ಗುರುತಿನ ಕಲ್ಲುಗಳನ್ನು ಮತ್ತೆ ನೆಡಬೇಕು. ತಾಲ್ಲೂಕಿಗೆ ಒಂದಾದರೂ ಸ್ಪ್ಲೈಸಿಂಗ್ ತಂಡ ಇರಬೇಕು. ಇನ್ನು, ಎಲ್ಲೆಲ್ಲಿ ಆಗುತ್ತದೋ ಅಲ್ಲಿ ಊರಿಗೆ ಎರಡನೇ ದಾರಿಯಲ್ಲಿ ಒಂದು ಕೇಬಲ್ ಬೇಕು. ನಮ್ಮೂರಿನ ಹಿಂದೆ ಹಳೇ ಗಾಡಿ ದಾರಿ ಇದೆ. ಆರು ಕಿಲೋಮೀಟರ್ ಎಳೆದರೆ ಪಕ್ಕದ ಹೋಬಳಿಯ ಎಕ್ಸ್‌ಚೇಂಜ್‌ಗೆ ಸೇರುತ್ತದೆ. ಆಗ ಒಂದು ಕಡೆ ಕಿತ್ತರೂ ಇನ್ನೊಂದು ಕಡೆಯಿಂದ ಬೆಳಕು ಬರುತ್ತದೆ. ಹೊಸ ಟವರ್ ಕೇಳುವವರು ಇದನ್ನೂ ಜೊತೆಗೆ ಕೇಳಿ ಎಂದು ಆ ಪತ್ರ ಬರೆದವರಿಗೆ ನನ್ನ ವಿನಂತಿ.

ಊರಿನವರಿಗೂ ಒಂದು ಮಾತು. ರಸ್ತೆ ಬದಿಯಲ್ಲಿ ಅಕ್ಷರ ಕೆತ್ತಿದ ಗಿಡ್ಡ ಕಲ್ಲು ಕಂಡರೆ ಅದನ್ನು ಕಿತ್ತು ಬಟ್ಟೆ ಒಗೆಯಲು ಒಯ್ಯಬೇಡಿ. ಅದರ ಕೆಳಗೆ ನಿಮ್ಮ ಮಗನ ಕೆಲಸ, ನಿಮ್ಮ ಪಿಂಚಣಿ, ನಿಮ್ಮ ಮೊಮ್ಮಗಳ ಪರೀಕ್ಷೆ ಫಲಿತಾಂಶ ಎಲ್ಲಾ ಓಡಾಡುತ್ತಿರುತ್ತದೆ.

ನಮ್ಮೂರಿನಿಂದ ಪೇಟೆಯವರೆಗಿನ ಹನ್ನೊಂದು ಕಿಲೋಮೀಟರಿನಲ್ಲಿ ಜಾಯಿಂಟ್ ಎಲ್ಲೆಲ್ಲಿದೆ, ಯಾವ ಮೋರಿಯ ಯಾವ ಬದಿಯಲ್ಲಿ ಪೈಪ್ ದಾಟಿದೆ, ದರೆ ಕಡಿದ ಮೇಲೆ ಎಲ್ಲಿ ಮೇಲಕ್ಕೆ ಬಂದಿದೆ, ಎಲ್ಲವನ್ನೂ ಇನ್ನೂರು ಪುಟದ ನೋಟ್ ಬುಕ್ಕಿನಲ್ಲಿ ಚಿತ್ರ ಹಾಕಿ ಬರೆದಿಟ್ಟಿದ್ದೇನೆ. ಒಂದು ಜೆರಾಕ್ಸ್ ಪಂಚಾಯಿತಿಗೆ ಕೊಟ್ಟಿದ್ದೇನೆ, ಇನ್ನೊಂದು ಆ ಸ್ಪ್ಲೈಸಿಂಗ್ ಹುಡುಗರ ಹತ್ತಿರ ಇದೆ. ನಮ್ಮ ರಸ್ತೆಯಲ್ಲಿ ಕೆಲಸ ಹಿಡಿಯುವವರು ಯಾರೇ ಆಗಲಿ, ಹಿಂದಿನ ದಿನ ಸಂಜೆ ಬಂದರೆ ನಾನೇ ಜೊತೆಗೆ ನಡೆದು ಬಂದು ಸುಣ್ಣದಲ್ಲಿ ಗೆರೆ ಹಾಕಿ ಕೊಡುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ಕೇಬಲ್ ಜಾಯಿಂಟರ್
ತೀರ್ಥಹಳ್ಳಿ ತಾಲ್ಲೂಕು